ದೊಡ್ಡ ಸಂಖ್ಯೆಗಳು ಮತ್ತು ಕಂಪ್ಯೂಟರಿನ ಲೆಕ್ಕದ ತಪ್ಪು

ಕಂಪ್ಯೂಟರ್ ಲೆಕ್ಕ ತಪ್ಪುವುದಿಲ್ಲ ಎಂಬ ನಂಬಿಕೆ ಸಣ್ಣ ಪೂರ್ಣಾಂಕಗಳ ಮಟ್ಟಿಗೆ ಸರಿ. ಸಂಖ್ಯೆ ಒಂದು ಮಿತಿ ದಾಟಿತೆಂದರೆ ಅದೇ ಯಂತ್ರ ಎರಡು ಧನ ಸಂಖ್ಯೆಗಳನ್ನು ಗುಣಿಸಿ ಋಣ ಸಂಖ್ಯೆ ಕೊಡಬಹುದು. ಒಂದನ್ನು ಕೂಡಿಸು ಎಂದರೆ ಕೂಡಿಸಿದ ಮೇಲೂ ಹಳೆಯ ಮೊತ್ತವನ್ನೇ ತೋರಿಸಬಹುದು. ಯಂತ್ರವೇ ಕೆಟ್ಟು ಹೀಗಾದ ಪ್ರಸಂಗಗಳು ಉಂಟು, ಆದರೆ ಅಪರೂಪ. ಸಂಖ್ಯೆಗಳಿಗೆ ಕೊನೆಯಿಲ್ಲ, ಯಂತ್ರದೊಳಗೆ ಒಂದೊಂದು ಸಂಖ್ಯೆಗೆ ಕೊಟ್ಟಿರುವ ಜಾಗಕ್ಕೆ ಕೊನೆಯಿದೆ. ಎಷ್ಟು ಜಾಗ ಕೊಡಬೇಕು, ಅದು ಸಾಲದೆ ಹೋದಾಗ ಏನು ಮಾಡಬೇಕು ಎಂಬುದನ್ನು ತೀರ್ಮಾನಿಸಿದವರು ಮನುಷ್ಯರು. ಈ ವಿಷಯದ ಚರಿತ್ರೆಯಲ್ಲಿ ಹೆಸರಾದ ಅವಘಡಗಳಲ್ಲಿ ಹೆಚ್ಚಿನವುಗಳ ಬೇರು ಆ ಎರಡು ತೀರ್ಮಾನಗಳಲ್ಲಿ ಸಿಗುತ್ತದೆ.

ಪೂರ್ಣಾಂಕಗಳು ಉಕ್ಕಿ ಹರಿದಾಗ

ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಇದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳಿವೆ. ಅಂಥದ್ದೊಂದು 27994681 × 441. ಉತ್ತರ 12345654321. ಕಾಗದದ ಮೇಲೆ ಯಾರು ಮಾಡಿದರೂ ಬರುವುದು ಇದೇ. ಈ ಗುಣಾಕಾರವನ್ನು ಜಾವಾ ಭಾಷೆಯ ‘ಇಂಟ್’ ಎಂಬ ಬಗೆಯ ಪೂರ್ಣಾಂಕಗಳಲ್ಲಿ ಮಾಡಿಸಿದರೆ ತೆರೆಯ ಮೇಲೆ ಮೂಡುವುದು −539247567. ಎಚ್ಚರಿಕೆಯ ಒಂದು ಮಾತೂ ಜೊತೆಗೆ ಬರುವುದಿಲ್ಲ.

ಇದು ಹೇಗಾಯಿತೆಂದು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ–ಒಂದುಗಳ ದ್ವಿಮಾನ ಪದ್ಧತಿಯಲ್ಲಿ ಬರೆದಿಡುತ್ತದೆ. ‘ಇಂಟ್’ಗೆ ಮೀಸಲಾದ ಜಾಗ 32 ಬಿಟ್, ಅಂದರೆ ಅಂಥ 32 ಅಂಕಿಗಳು. ಅಷ್ಟರಲ್ಲಿ 4294967296 ಬೇರೆ ಬೇರೆ ವಿನ್ಯಾಸಗಳನ್ನು ಬರೆಯಲು ಸಾಧ್ಯ. ಅವುಗಳಲ್ಲಿ ಅರ್ಧ ಋಣ ಸಂಖ್ಯೆಗಳ ಪಾಲು. ಹೀಗಾಗಿ ಧನ ಸಂಖ್ಯೆಗಳ ಓಟ 2147483647ಕ್ಕೆ ಮುಗಿಯುತ್ತದೆ. ನಮ್ಮ ಗುಣಲಬ್ಧಕ್ಕೆ 34 ಬಿಟ್ ಬೇಕು. ಯಂತ್ರ ಬಲಗಡೆಯ 32 ಬಿಟ್‌ಗಳನ್ನು ಉಳಿಸಿಕೊಂಡು ಎಡಗಡೆಯ ಎರಡನ್ನು ಬಿಟ್ಟುಬಿಡುತ್ತದೆ. ಅದರಿಂದ 8589934592 ಕಳೆದುಹೋಗಿ 3755719729 ಉಳಿಯುತ್ತದೆ. ಉಳಿದದ್ದರ ಮೊದಲ ಬಿಟ್ 1. ಮೊದಲ ಬಿಟ್ 1 ಇದ್ದರೆ ಅದು ಋಣ ಸಂಖ್ಯೆ ಎಂಬುದು ಒಪ್ಪಂದ. ಆಗ ಅದರಿಂದ 4294967296 ಕಳೆದು ಓದಬೇಕು. ಹಾಗೆ ಓದಿದರೆ ಸಿಗುವುದೇ −539247567. ಮನೆಯ ಹಳೆಯ ಕರೆಂಟ್ ಮೀಟರ್ 99999 ಆದ ಮೇಲೆ 00000ಕ್ಕೆ ತಿರುಗುತ್ತಿತ್ತಲ್ಲ, ಹಾಗೆಯೇ ಇದೂ. ವ್ಯತ್ಯಾಸವೆಂದರೆ ಇಲ್ಲಿ ತುದಿ ಮುಟ್ಟಿದ ಎಣಿಕೆ ಸೊನ್ನೆಗೆ ಬಾರದೆ ಅತ್ಯಂತ ಕೆಳಗಿನ ಋಣ ಸಂಖ್ಯೆಗೆ ಜಾರುತ್ತದೆ. ಇದಕ್ಕೆ ‘ಓವರ್‌ಫ್ಲೋ’ ಎಂಬ ಹೆಸರೇ ಎಲ್ಲ ಕಡೆ ಬಳಕೆಯಲ್ಲಿದೆ.

ಋಣ ಸಂಖ್ಯೆಗಳನ್ನು ಹೀಗೆ ಬರೆಯುವ ಕ್ರಮ ಯಾರದೋ ಅಜಾಗರೂಕತೆಯಿಂದ ಬಂದದ್ದಲ್ಲ. ಕೂಡುವ ಸರ್ಕ್ಯೂಟಿನಲ್ಲೇ ಕಳೆಯುವ ಕೆಲಸವೂ ಆಗುವಂತೆ ಮಾಡುವ ಜಾಣ ಉಪಾಯ ಅದು. ಇಂದಿನ ಪ್ರೊಸೆಸರುಗಳೆಲ್ಲ ಅದನ್ನೇ ಅನುಸರಿಸುತ್ತವೆ. ತೊಂದರೆ ಇರುವುದು ಉಕ್ಕಿದ್ದನ್ನು ಹೇಳದೆ ಮುಂದುವರಿಯುವುದರಲ್ಲಿ. ಓವರ್‌ಫ್ಲೋ ಆದಾಗ ಪ್ರೊಸೆಸರ್ ತನ್ನೊಳಗೆ ಒಂದು ಗುರುತು ಹಾಕಿಕೊಳ್ಳುವುದು ಸಾಮಾನ್ಯ. ಅದನ್ನು ನೋಡುವ ಗೋಜಿಗೆ ಬಹುತೇಕ ಪ್ರೋಗ್ರಾಮುಗಳು ಹೋಗುವುದಿಲ್ಲ, ಏಕೆಂದರೆ ಪ್ರತಿ ಕೂಡುವಿಕೆಯ ಮೇಲೂ ಒಂದು ತಪಾಸಣೆ ಎಂದರೆ ವೇಗ ಕುಗ್ಗುತ್ತದೆ. ಜಾವಾ ಮೌನವಾಗಿ ಸುತ್ತು ಹೊಡೆಯುತ್ತದೆ. ಸಿ ಭಾಷೆಯಂತೂ ಚಿಹ್ನೆಯುಳ್ಳ ಪೂರ್ಣಾಂಕ ಉಕ್ಕಿದರೆ ಏನಾಗುತ್ತದೆಂದು ತಾನು ಹೇಳುವುದೇ ಇಲ್ಲ ಎಂದು ಕೈತೊಳೆದುಕೊಂಡಿದೆ. ಸ್ವಿಫ್ಟ್‌ನಂಥ ಈಚಿನ ಭಾಷೆಗಳು ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುತ್ತವೆ.

32 ಬಿಟ್‌ನ ಮಿತಿ ಎಷ್ಟು ಹತ್ತಿರದ್ದೆಂದರೆ, ಹಣವನ್ನು ಪೈಸೆಗಳಲ್ಲಿ ಎಣಿಸುವ ಲೆಕ್ಕದ ಪುಸ್ತಕ 2,14,74,836 ರೂಪಾಯಿ 47 ಪೈಸೆಗೆ ತುಂಬಿಹೋಗುತ್ತದೆ. ಬೆಂಗಳೂರಿನಲ್ಲಿ ಒಂದು ಸೈಟಿನ ಬೆಲೆ ಅದನ್ನು ಮೀರಬಹುದು. 2014ರ ಡಿಸೆಂಬರಿನಲ್ಲಿ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆ ಇದೇ ಮಿತಿಯನ್ನು ದಾಟಿದಾಗ ಯೂಟ್ಯೂಬ್ ತಾನು ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿರುವುದಾಗಿ ತಿಳಿಸಿತು. 64 ಬಿಟ್‌ನ ಚಿಹ್ನೆರಹಿತ ಎಣಿಕೆಯ ತುದಿ 18446744073709551615. ಚದುರಂಗದ ಮಣೆಯ ಮೇಲೆ ಮನೆಯಿಂದ ಮನೆಗೆ ಕಾಳುಗಳನ್ನು ಇಮ್ಮಡಿಸುತ್ತ ಹೋದ ಹಳೆಯ ಕಥೆಯ ಒಟ್ಟು ಕಾಳುಗಳ ಸಂಖ್ಯೆಯೂ ಇದೇ. ಮಣೆಯಲ್ಲಿರುವುದು 64 ಮನೆಗಳಾದ್ದರಿಂದ ಇದು ಕಾಕತಾಳೀಯವಲ್ಲ.

ಅಷ್ಟು ದೊಡ್ಡ ಜಾಗವೂ ಸಾಲದೆ ಬಂದದ್ದುಂಟು. 2010ರ ಆಗಸ್ಟ್ 15ರಂದು ಯಾರೋ ಬಿಟ್‌ಕಾಯಿನ್ ಜಾಲದಲ್ಲಿ ಒಂದು ವಿಚಿತ್ರ ವಹಿವಾಟು ನಡೆಸಿದರು. ಅದು ಎರಡು ವಿಳಾಸಗಳಿಗೆ ತಲಾ 9,223 ಕೋಟಿಗೂ ಹೆಚ್ಚು ಬಿಟ್‌ಕಾಯಿನ್ ಕಳಿಸುವ ವಹಿವಾಟು. ಆ ವ್ಯವಸ್ಥೆಯಲ್ಲಿ ಎಂದೆಂದಿಗೂ ಇರಬಹುದಾದ ಒಟ್ಟು ನಾಣ್ಯಗಳೇ 2.1 ಕೋಟಿ. ಕಳಿಸುವ ಮೊತ್ತ ಕೈಯಲ್ಲಿರುವ ಮೊತ್ತಕ್ಕಿಂತ ಹೆಚ್ಚಿರಬಾರದು ಎಂಬ ತಪಾಸಣೆ ಪ್ರೋಗ್ರಾಮಿನಲ್ಲಿ ಇತ್ತು. ಆದರೆ ಆ ಎರಡು ಮೊತ್ತಗಳನ್ನು ಕೂಡಿದಾಗ 64 ಬಿಟ್ ಉಕ್ಕಿ, ಒಟ್ಟು ಒಂದು ಸಣ್ಣ ಋಣ ಸಂಖ್ಯೆಯಾಯಿತು. ಋಣ ಸಂಖ್ಯೆ ಕೈಯಲ್ಲಿರುವುದಕ್ಕಿಂತ ಕಡಿಮೆಯೇ ತಾನೆ? ತಪಾಸಣೆ ಪಾಸಾಯಿತು. ಕೆಲವೇ ಗಂಟೆಗಳಲ್ಲಿ ಸರಿಪಡಿಸಿದ ಆವೃತ್ತಿ ಹೊರಬಂದು ಆ ವಹಿವಾಟನ್ನು ಚರಿತ್ರೆಯಿಂದಲೇ ಅಳಿಸಲಾಯಿತು.

ನುರಿತವರ ಕಣ್ಣಿಗೂ ಇದು ಬೀಳುವುದಿಲ್ಲ. ಅಕಾರಾದಿಯಲ್ಲಿರುವ ಪಟ್ಟಿಯನ್ನು ಅರ್ಧರ್ಧ ಮಾಡುತ್ತ ಹುಡುಕುವ ‘ಬೈನರಿ ಸರ್ಚ್’ ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿಗಳು ಮೊದಮೊದಲು ಕಲಿಯುವ ಪಾಠಗಳಲ್ಲೊಂದು. ಅದರಲ್ಲಿ ನಡುವಿನ ಸ್ಥಾನ ತಿಳಿಯಲು ಎರಡು ತುದಿಗಳನ್ನು ಕೂಡಿ ಎರಡರಿಂದ ಭಾಗಿಸುತ್ತಾರೆ. ಪಟ್ಟಿ ನೂರು ಕೋಟಿ ನಮೂದುಗಳನ್ನು ಮೀರಿದಾಗ ಆ ಕೂಡುವಿಕೆಯೇ ಉಕ್ಕುತ್ತದೆ. ಜಾವಾದ ಅಧಿಕೃತ ಗ್ರಂಥಾಲಯಕ್ಕೆ ಈ ಸಾಲನ್ನು ಬರೆದ ಜೋಶುವಾ ಬ್ಲಾಕ್ ಅದರಲ್ಲಿ ಒಂಬತ್ತು ವರ್ಷ ಅಡಗಿದ್ದ ದೋಷವನ್ನು 2006ರಲ್ಲಿ ತಾವೇ ಪ್ರಕಟಿಸಿದರು. ವ್ಯತ್ಯಾಸದ ಅರ್ಧವನ್ನು ಕೆಳತುದಿಗೆ ಕೂಡಿದರೆ ಸಾಕು, ತೊಂದರೆ ಇಲ್ಲ.

ಕಾಲಗಣನೆಯಲ್ಲಿ ಇದೇ ದೋಷ ಗಡುವಿನ ರೂಪದಲ್ಲಿ ಬರುತ್ತದೆ. ಬೋಯಿಂಗ್ 787 ವಿಮಾನಗಳ ಜನರೇಟರ್ ನಿಯಂತ್ರಕಗಳು ಎಡೆಬಿಡದೆ 248 ದಿನ ಚಾಲೂ ಇದ್ದರೆ ಎಲ್ಲವೂ ಒಟ್ಟಿಗೇ ಸ್ಥಗಿತಗೊಂಡು ವಿಮಾನದ ವಿದ್ಯುತ್ ಹೋಗಬಹುದೆಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ 2015ರಲ್ಲಿ ಎಚ್ಚರಿಸಿ, ಆಗಾಗ ಆರಿಸಿ ಹಾಕುವಂತೆ ಆದೇಶಿಸಿತು. ಸೆಕೆಂಡಿನ ನೂರನೇ ಒಂದು ಭಾಗವನ್ನು 32 ಬಿಟ್‌ನಲ್ಲಿ ಎಣಿಸುತ್ತ ಹೋದರೆ ಎಣಿಕೆ ತುಂಬುವುದೂ 248 ದಿನ ದಾಟಿದಾಗಲೇ. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಯುನಿಕ್ಸ್ ಗಡಿಯಾರ 32 ಬಿಟ್‌ನಲ್ಲಿದ್ದರೆ ಅದರ ಕೊನೆಯ ಕ್ಷಣ ಭಾರತೀಯ ಕಾಲಮಾನದಲ್ಲಿ 2038ರ ಜನವರಿ 19, ಬೆಳಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡ್. ಮುಂದಿನ ಸೆಕೆಂಡಿಗೆ ಅದು 1901ನೇ ಇಸವಿಯ ಡಿಸೆಂಬರನ್ನು ತೋರಿಸುತ್ತದೆ. ದೊಡ್ಡ ಕಂಪ್ಯೂಟರುಗಳು ಬಹುಪಾಲು 64 ಬಿಟ್‌ಗೆ ಹೋಗಿಯಾಗಿದೆ. ಚಿಂತೆ ಇರುವುದು ಗೋಡೆಯೊಳಗೂ ಯಂತ್ರದೊಳಗೂ ಹುದುಗಿಕೊಂಡು ಯಾರ ಗಮನಕ್ಕೂ ಬಾರದ ಸಣ್ಣ ಸಾಧನಗಳ ಬಗ್ಗೆ.

ಆರಿಯಾನ್ 5

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕುರೂ ಉಡಾವಣಾ ಕೇಂದ್ರದಿಂದ ಮೊದಲ ಬಾರಿಗೆ ಮೇಲೆದ್ದ ಆರಿಯಾನ್ 5 ರಾಕೆಟ್ 40 ಸೆಕೆಂಡುಗಳ ಹೊತ್ತಿಗೆ ಪಥ ತಪ್ಪಿ ಸಿಡಿದುಹೋಯಿತು. ಅದರಲ್ಲಿದ್ದ ‘ಕ್ಲಸ್ಟರ್’ ಯೋಜನೆಯ ನಾಲ್ಕು ಉಪಗ್ರಹಗಳೂ ನಾಶವಾದವು. ಗಣಿತಜ್ಞ ಜಾಕ್-ಲೂಯಿ ಲಿಯೋನ್ಸ್ ನೇತೃತ್ವದ ತನಿಖಾ ಮಂಡಳಿ ಕಂಡುಕೊಂಡ ಕಾರಣ ಒಂದೇ ಒಂದು ಪರಿವರ್ತನೆ: 64 ಬಿಟ್‌ನ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಇಳಿಸುವುದು. 16 ಬಿಟ್‌ನಲ್ಲಿ ಹಿಡಿಯುವುದು 32767ರ ತನಕ ಮಾತ್ರ. ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ ಆ ಮೌಲ್ಯ ಅದನ್ನು ಮೀರಿತು.

ಈ ಪ್ರಕರಣವನ್ನು ‘ಪರೀಕ್ಷೆ ಮಾಡದ್ದಕ್ಕೆ ಹೀಗಾಯಿತು’ ಎಂದು ಮುಗಿಸುವವರು ಹೆಚ್ಚು. ವರದಿಯಲ್ಲಿರುವ ವಿವರ ಅದಕ್ಕಿಂತ ಸೂಕ್ಷ್ಮವಾಗಿದೆ. ಪ್ರೋಗ್ರಾಮು ಹಿಂದಿನ ಆರಿಯಾನ್ 4ರದ್ದು. ಹೀಗೆ ಉಕ್ಕಬಹುದಾದ ಏಳು ಮೌಲ್ಯಗಳನ್ನು ಬರೆದವರು ಮೊದಲೇ ಗುರುತಿಸಿದ್ದರು. ಪ್ರೊಸೆಸರಿನ ಮೇಲಿನ ಹೊರೆ ಶೇಕಡಾ 80 ಮೀರಬಾರದೆಂಬ ಗುರಿ ಇದ್ದದ್ದರಿಂದ ನಾಲ್ಕಕ್ಕೆ ಮಾತ್ರ ರಕ್ಷಣೆ ಒದಗಿಸಿ, ಮೂರನ್ನು ಹಾಗೇ ಬಿಟ್ಟರು. ಆರಿಯಾನ್ 4ರ ಹಾರಾಟದಲ್ಲಿ ಆ ಮೂರೂ ಮಿತಿಯೊಳಗೇ ಇರುತ್ತಿದ್ದವು. ಆರಿಯಾನ್ 5 ಅಡ್ಡಕ್ಕೆ ಹೆಚ್ಚು ವೇಗವಾಗಿ ಸಾಗುವ ರಾಕೆಟ್. ಇನ್ನೊಂದು ವಿಪರ್ಯಾಸವೆಂದರೆ, ಆ ಲೆಕ್ಕ ಮಾಡುತ್ತಿದ್ದ ಭಾಗಕ್ಕೆ ಆರಿಯಾನ್ 5 ನೆಲ ಬಿಟ್ಟ ಮೇಲೆ ಕೆಲಸವೇ ಇರಲಿಲ್ಲ.

ಇಲ್ಲಿ ಯಂತ್ರ ಮೌನವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ಅಡಾ ಭಾಷೆಯ ನಿಯಮದಂತೆ ಅದು ದೋಷವನ್ನು ಪತ್ತೆಹಚ್ಚಿ ಕೂಗಿ ಹೇಳಿತು. ಕೇಳಿಸಿಕೊಂಡು ಸರಿಮಾಡುವ ಸಾಲುಗಳನ್ನು ಯಾರೂ ಬರೆದಿರಲಿಲ್ಲವಾಗಿ ದಿಕ್ಕು ತಿಳಿಸುವ ಘಟಕ ತಾನೇ ನಿಂತುಹೋಯಿತು. ಅದಕ್ಕೆ ಒತ್ತಾಸೆಯಾಗಿದ್ದ ಎರಡನೇ ಘಟಕದಲ್ಲಿದ್ದದ್ದೂ ಅದೇ ಪ್ರೋಗ್ರಾಮು; ಅದು ಒಂದು ಕ್ಷಣ ಮೊದಲೇ ನಿಂತಿತ್ತು. ನಿಂತ ಘಟಕ ಕಳಿಸಿದ ದೋಷಸೂಚನೆಯ ಅಂಕಿಗಳನ್ನು ಮುಖ್ಯ ಕಂಪ್ಯೂಟರ್ ರಾಕೆಟ್ಟಿನ ದಿಕ್ಕೆಂದೇ ತಿಳಿದು ಇಂಜಿನ್ನುಗಳನ್ನು ತಿರುಗಿಸಿತು.

ದಶಮಾಂಶಗಳು ಮತ್ತು ಶಕುಂತಲಾ ದೇವಿಯವರ ಗುಣಾಕಾರ

ವಿಜ್ಞಾನಕ್ಕೆ ಅತಿ ದೊಡ್ಡ ಹಾಗೂ ಅತಿ ಸಣ್ಣ ಸಂಖ್ಯೆಗಳೆರಡೂ ಬೇಕು. ಅದಕ್ಕೆ ಇರುವ ಏರ್ಪಾಡು ‘ಫ್ಲೋಟಿಂಗ್ ಪಾಯಿಂಟ್’: ಸಂಖ್ಯೆಯ ಮೊದಲ ಕೆಲವು ಅಂಕಿಗಳನ್ನು ಒಂದು ಕಡೆ, ಬಿಂದು ಎಲ್ಲಿದೆ ಎಂಬುದನ್ನು ಇನ್ನೊಂದು ಕಡೆ ಬರೆದಿಡುವುದು. ಕಂಪನಿಗೊಂದು ಪದ್ಧತಿ ಇದ್ದ ಕಾಲದಲ್ಲಿ ಒಂದು ಯಂತ್ರದ ಉತ್ತರ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. 1985ರಲ್ಲಿ ಐಇಇಇ 754 ಎಂಬ ಮಾನದಂಡ ಬಂದು ಈ ಗೊಂದಲ ತೀರಿತು. ಅದರ ಮುಖ್ಯ ಶಿಲ್ಪಿ ಬರ್ಕ್‌ಲಿಯ ಪ್ರಾಧ್ಯಾಪಕ ವಿಲಿಯಂ ಕಹಾನ್. 1989ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಸಂದಿತು.

ಈಗ ಎಲ್ಲೆಡೆ ಬಳಕೆಯಲ್ಲಿರುವ 64 ಬಿಟ್‌ನ ‘ಡಬಲ್’ನಲ್ಲಿ ಚಿಹ್ನೆಗೆ 1 ಬಿಟ್, ಘಾತಕ್ಕೆ 11, ಅಂಕಿಗಳಿಗೆ 52. ಹೇಳದೆಯೇ ಇದೆಯೆಂದು ತಿಳಿಯುವ ಇನ್ನೊಂದು ಬಿಟ್ ಸೇರಿ ಅಂಕಿಗಳ ಪಾಲು 53. ಇದರಲ್ಲಿ 308 ಸೊನ್ನೆಗಳ ಆಸುಪಾಸಿನ ಸಂಖ್ಯೆಯನ್ನೂ ಬರೆಯಬಹುದು, ಆದರೆ ನೆಚ್ಚಬಹುದಾದ ಅಂಕಿಗಳು 15ರಿಂದ 17 ಮಾತ್ರ. 9007199254740992ರವರೆಗಿನ ಪೂರ್ಣಾಂಕಗಳೆಲ್ಲ ಇದರಲ್ಲಿ ನಿಖರವಾಗಿ ಕೂರುತ್ತವೆ. ಅದಕ್ಕೆ ಒಂದನ್ನು ಕೂಡಿಸಿದರೆ ಉತ್ತರ ಮತ್ತೆ 9007199254740992. ಮುಂದಕ್ಕೆ ಹೋದಂತೆ ಬರೆಯಬಲ್ಲ ಸಂಖ್ಯೆಗಳ ನಡುವಿನ ಅಂತರ ಎರಡು, ನಾಲ್ಕು, ಎಂಟು ಎಂದು ಇಮ್ಮಡಿಸುತ್ತ ಹೋಗುತ್ತದೆ. 32 ಬಿಟ್‌ನ ಫ್ಲೋಟಿಂಗ್ ಪಾಯಿಂಟಿನಲ್ಲಿ ಈ ಗಡಿ ಇನ್ನೂ ಹತ್ತಿರ, 16777216. ಮಹಾವೀರಾಚಾರ್ಯರ 12345654321 ಅದರಲ್ಲಿ 12345654272 ಆಗಿಬಿಡುತ್ತದೆ; ಋಣವೇನೂ ಆಗಲಿಲ್ಲ, ಬಾಲ ಮಾತ್ರ ಬದಲಾಯಿತು.

ಬೆಂಗಳೂರಿನಲ್ಲಿ ಹುಟ್ಟಿದ, ‘ಮಾನವ ಕಂಪ್ಯೂಟರ್’ ಎಂದು ಜಗತ್ತು ಕರೆದ ಶಕುಂತಲಾ ದೇವಿಯವರು 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 7686369774870 × 2465099745779 ಎಂಬ ಲೆಕ್ಕವನ್ನು ಮನಸ್ಸಿನಲ್ಲೇ ಮಾಡಿ 28 ಸೆಕೆಂಡುಗಳಲ್ಲಿ ಉತ್ತರ ಹೇಳಿದರು: 18947668177995426462773730. ಇದೇ ಲೆಕ್ಕವನ್ನು ಇಂದಿನ ಯಾವುದೇ ಲ್ಯಾಪ್‌ಟಾಪಿನ ‘ಡಬಲ್’ನಲ್ಲಿ ಮಾಡಿಸಿ ನೋಡಬಹುದು. ಗುಣಿಸುವ ಎರಡೂ ಸಂಖ್ಯೆಗಳು 13 ಅಂಕಿಯವು, ಆದ್ದರಿಂದ ನಿಖರವಾಗಿ ಒಳಗೆ ಹೋಗುತ್ತವೆ. ಉತ್ತರ 26 ಅಂಕಿಯದು. ಆ ಎತ್ತರದಲ್ಲಿ ‘ಡಬಲ್’ ಬರೆಯಬಲ್ಲ ಅಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ 2147483648ರ ಅಂತರವಿರುತ್ತದೆ. ನಿಜವಾದ ಉತ್ತರ ಎರಡು ಮೆಟ್ಟಿಲುಗಳ ನಡುವೆ ಬೀಳುವುದರಿಂದ ಯಂತ್ರ ಹತ್ತಿರದ್ದನ್ನು ಆರಿಸಿಕೊಂಡು 18947668177995427087384576 ಎಂದು ಇಟ್ಟುಕೊಳ್ಳುತ್ತದೆ. ಮೊದಲ 16 ಅಂಕಿಗಳು ಸರಿ, ಮುಂದಿನವು ಬೇರೆ; ವ್ಯತ್ಯಾಸ 62 ಕೋಟಿಗೂ ಮೇಲೆ. ಒಟ್ಟು ಸಂಖ್ಯೆಗೆ ಹೋಲಿಸಿದರೆ ಈ ತಪ್ಪು ಏನೇನೂ ಅಲ್ಲ, ರಾಕೆಟ್ಟಿನ ಪಥ ಲೆಕ್ಕ ಹಾಕುವವರು ಇದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕೊನೆಯ ಅಂಕಿಯೂ ಬೇಕೆನ್ನುವ ಕೆಲಸಗಳಿವೆ.

ಆಫೀಸುಗಳಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಎಕ್ಸೆಲ್‌ನಲ್ಲಿ. ಎಕ್ಸೆಲ್ ಸಂಖ್ಯೆಯ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. 16 ಅಂಕಿಯ ಕಾರ್ಡ್ ನಂಬರನ್ನು ಸಂಖ್ಯೆಯಾಗಿ ಟೈಪ್ ಮಾಡಿದರೆ ಕೊನೆಯದು ಸೊನ್ನೆಯಾಗುತ್ತದೆ, ಸೇವ್ ಮಾಡಿದ ಮೇಲೆ ಅದನ್ನು ಮರಳಿ ಪಡೆಯಲು ದಾರಿಯಿಲ್ಲ. ಕಾರ್ಡ್ ನಂಬರ್, ಖಾತೆ ನಂಬರ್, ಫೋನ್ ನಂಬರ್ ಇವು ಹೆಸರಿಗಷ್ಟೇ ಸಂಖ್ಯೆಗಳು. ಯಾರೂ ಅವನ್ನು ಕೂಡುವುದಿಲ್ಲ, ಗುಣಿಸುವುದಿಲ್ಲ. ಅವುಗಳ ಕಾಲಮನ್ನು ‘ಟೆಕ್ಸ್ಟ್’ ಎಂದು ಮೊದಲೇ ಗುರುತು ಮಾಡುವುದೇ ಸರಿಯಾದ ಕ್ರಮ. ಟ್ವಿಟರ್ ಕೂಡ ತನ್ನ ಟ್ವೀಟ್‌ಗಳ ಗುರುತಿನ ಸಂಖ್ಯೆ 53 ಬಿಟ್ ದಾಟುವ ಹೊತ್ತಿಗೆ, ‘ಡಬಲ್’ ಒಂದನ್ನೇ ನೆಚ್ಚಿದ್ದ ಜಾವಾಸ್ಕ್ರಿಪ್ಟ್‌ಗಾಗಿ ಅದೇ ಸಂಖ್ಯೆಯನ್ನು ಅಕ್ಷರಗಳ ಸರಣಿಯಾಗಿಯೂ ಕಳಿಸತೊಡಗಿತು.

ಸಣ್ಣ ತಪ್ಪು, ದೊಡ್ಡ ಎಣಿಕೆ

ಹತ್ತನೇ ಒಂದು ಭಾಗವನ್ನು ನಾವು 0.1 ಎಂದು ಸುಲಭವಾಗಿ ಬರೆಯುತ್ತೇವೆ. ದ್ವಿಮಾನದಲ್ಲಿ ಅದು ಮುಗಿಯದ ಸಂಖ್ಯೆ, ನಮ್ಮಲ್ಲಿ ಮೂರನೇ ಒಂದು ಭಾಗ 0.333 ಎಂದು ಮುಗಿಯದೆ ಹೋಗುವ ಹಾಗೆ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಆದ್ದರಿಂದಲೇ ಬಹುತೇಕ ಭಾಷೆಗಳಲ್ಲಿ 0.1 + 0.2 ಎಂದರೆ 0.30000000000000004 ಎಂಬ ಉತ್ತರ ಬರುತ್ತದೆ.

ಈ ಕತ್ತರಿಕೆ ದೊಡ್ಡ ಎಣಿಕೆಯೊಂದಿಗೆ ಸೇರಿದಾಗ ಏನಾಗುತ್ತದೆಂಬುದಕ್ಕೆ ಸೌದಿ ಅರೇಬಿಯಾದ ಧಹ್ರಾನ್ ಸಾಕ್ಷಿ. ಕೊಲ್ಲಿ ಯುದ್ಧದ ಸಮಯದಲ್ಲಿ ಅಲ್ಲಿದ್ದ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಭಾಗಗಳನ್ನು ಎಣಿಸಿ, 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸಿ ಸಮಯ ತಿಳಿಯುತ್ತಿತ್ತು. ಕತ್ತರಿಸಿದ್ದರಿಂದ ಒಂದು ಎಣಿಕೆಗೆ ಆಗುವ ತಪ್ಪು ಸುಮಾರು 0.000000095 ಸೆಕೆಂಡ್. ವ್ಯವಸ್ಥೆಯನ್ನು ನೂರು ಗಂಟೆ ಆರಿಸದೆ ಇಟ್ಟಾಗ ಎಣಿಕೆ 36 ಲಕ್ಷ ಮುಟ್ಟಿತು, ತಪ್ಪು 0.34 ಸೆಕೆಂಡಿಗೆ ಬೆಳೆಯಿತು. ಅಷ್ಟರಲ್ಲಿ ಇರಾಕಿನ ಸ್ಕಡ್ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. 1991ರ ಫೆಬ್ರುವರಿ 25ರಂದು ಪೇಟ್ರಿಯಟ್ ಆಕಾಶದ ತಪ್ಪು ಜಾಗದಲ್ಲಿ ಹುಡುಕಿ ಏನೂ ಇಲ್ಲವೆಂದು ಸುಮ್ಮನಾಯಿತು. ಸ್ಕಡ್ ಬಿಡಾರದ ಮೇಲೆ ಬಿದ್ದು 28 ಸೈನಿಕರು ಸತ್ತರು. ಹೆಚ್ಚು ಹೊತ್ತು ಓಡಿಸಿದರೆ ಗುರಿ ಜಾರುತ್ತದೆಂದು ಇಸ್ರೇಲಿನವರು ಎರಡು ವಾರ ಮೊದಲೇ ತಿಳಿಸಿದ್ದರು. ತಿದ್ದಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಫೆಬ್ರುವರಿ 26ಕ್ಕೆ.

ಹಣದ ಲೋಕದಲ್ಲಿ ಇದರ ಜೋಡಿ ಉದಾಹರಣೆ ಕೆನಡಾದ ವ್ಯಾಂಕೂವರ್ ಷೇರುಪೇಟೆ. 1982ರ ಆರಂಭದಲ್ಲಿ 1000ಕ್ಕೆ ನಿಗದಿಯಾದ ಅದರ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಸಲ ಹೊಸದಾಗಿ ಲೆಕ್ಕ ಹಾಕುತ್ತ, ಪ್ರತಿ ಸಲವೂ ಮೂರನೇ ದಶಮಾಂಶದ ಮುಂದಿನದನ್ನು ಕತ್ತರಿಸಿ ಎಸೆಯುತ್ತಿದ್ದರು. 1983ರ ನವೆಂಬರ್ ಹೊತ್ತಿಗೆ ಅದು 520ರ ಆಸುಪಾಸಿಗೆ ಇಳಿದಿತ್ತು. ಸರಿಯಾಗಿ ಎಣಿಸಿದಾಗ ಬಂದದ್ದು 1098.

ಯಂತ್ರವೇ ತಪ್ಪಿದಾಗ

1994ರಲ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಕೂಡುತ್ತಿದ್ದರು. 824633702441 ಮತ್ತು 824633702443ರ ಬಳಿ ಲೆಕ್ಕ ಹೊಂದಲಿಲ್ಲ. ತಿಂಗಳುಗಟ್ಟಲೆ ಎಲ್ಲವನ್ನೂ ಶೋಧಿಸಿದ ಮೇಲೆ ಅವರು ತಲುಪಿದ್ದು ಇಂಟೆಲ್ ಕಂಪನಿಯ ಹೊಸ ಪೆಂಟಿಯಂ ಚಿಪ್ಪಿಗೆ. ಭಾಗಾಕಾರಕ್ಕೆಂದು ಚಿಪ್ಪಿನಲ್ಲಿ ಕೆತ್ತಿದ್ದ ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದವು. 4195835ನ್ನು 3145727ರಿಂದ ಭಾಗಿಸಿದರೆ 1.33382 ಬರಬೇಕಾದಲ್ಲಿ ಅದು 1.33373 ಎನ್ನುತ್ತಿತ್ತು. ಸಾಮಾನ್ಯ ಬಳಕೆದಾರನಿಗೆ 27,000 ವರ್ಷಕ್ಕೊಮ್ಮೆ ಎದುರಾಗಬಹುದಾದ ದೋಷವೆಂದು ಇಂಟೆಲ್ ವಾದಿಸಿತು. ಅದು ಯಾರಿಗೂ ಸಮಾಧಾನ ಕೊಡಲಿಲ್ಲ. ಕೊನೆಗೆ ಚಿಪ್ಪುಗಳನ್ನು ಬದಲಾಯಿಸಿಕೊಡಲು ಕಂಪನಿ 47.5 ಕೋಟಿ ಡಾಲರ್ ತೆಗೆದಿಡಬೇಕಾಯಿತು.

ಕೆಡದ ಚಿಪ್ಪಿನಲ್ಲೂ ಒಂದು ಬಿಟ್ ತಾನಾಗಿ ಮಗುಚಿಕೊಳ್ಳಬಹುದು. 2003ರ ಮೇ ತಿಂಗಳಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಕಂಪ್ಯೂಟರ್ ಮತದಾನದಲ್ಲಿ ಒಬ್ಬ ಅಭ್ಯರ್ಥಿಗೆ ಇರಲಾರದಷ್ಟು ಮತಗಳು ಬಿದ್ದವು. ಮತ್ತೆ ಎಣಿಸಿದಾಗ ಹೆಚ್ಚಾಗಿದ್ದದ್ದು ಸರಿಯಾಗಿ 4096. ಅದು ಎರಡರ 12ನೇ ಘಾತ. ಕಂಪ್ಯೂಟರಿನ ನೆನಪಿನಲ್ಲಿದ್ದ ಹದಿಮೂರನೇ ಬಿಟ್ ಸೊನ್ನೆಯಿಂದ ಒಂದಕ್ಕೆ ತಿರುಗಿದರೆ ಆಗುವ ಹೆಚ್ಚಳ. ವಿಶ್ವಕಿರಣದ ಕಣವೊಂದು ಬಡಿದಿರಬೇಕೆಂಬುದು ಸಾಮಾನ್ಯ ಊಹೆ.

ಬೇಕಾದಷ್ಟು ಅಂಕಿಗಳ ಗಣಿತ

ಜಾಗ ಸಾಲದಿದ್ದರೆ ಇನ್ನಷ್ಟು ಕೊಡುವುದು ಸಹಜ ಪರಿಹಾರ. ಸಂಖ್ಯೆಯನ್ನು ತುಂಡುಗಳಾಗಿ ಮಾಡಿ, ಶಾಲೆಯಲ್ಲಿ ಕೈಯಲ್ಲಿ ಒಂದು ಉಳಿಸಿಕೊಂಡು ಮುಂದಿನ ಸ್ಥಾನಕ್ಕೆ ಕೂಡಿದ ಕ್ರಮದಲ್ಲೇ ತುಂಡಿನಿಂದ ತುಂಡಿಗೆ ಒಯ್ಯುತ್ತ ಹೋದರೆ ಎಷ್ಟು ಅಂಕಿಗಳಿದ್ದರೂ ನಡೆಯುತ್ತದೆ. ಪೈಥಾನ್ ಭಾಷೆಯ ಪೂರ್ಣಾಂಕಗಳು ಹೀಗೇ ಕೆಲಸ ಮಾಡುತ್ತವೆ. ಶಕುಂತಲಾ ದೇವಿಯವರ ಗುಣಾಕಾರಕ್ಕೆ ಅದು ಪೂರ್ತಿ ಸರಿಯಾದ ಉತ್ತರ ಕೊಡುತ್ತದೆ. ಜಾವಾಸ್ಕ್ರಿಪ್ಟ್‌ಗೆ ಈ ಸೌಕರ್ಯ 2020ರ ಆವೃತ್ತಿಯಲ್ಲಿ ಸೇರಿತು. 1977ರಲ್ಲಿ ಶಕುಂತಲಾ ದೇವಿಯವರು 201 ಅಂಕಿಯ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದಾಗ, ತಾಳೆ ನೋಡಲು ಯುನಿವ್ಯಾಕ್ ಕಂಪ್ಯೂಟರಿಗೆ ಪ್ರತ್ಯೇಕ ಪ್ರೋಗ್ರಾಮು ಬರೆಯಬೇಕಾಗಿತ್ತು.

ಬೆಲೆ ಕೊಡಬೇಕಾದದ್ದು ಸಮಯದ ರೂಪದಲ್ಲಿ. ಶಾಲೆಯ ಕ್ರಮದಲ್ಲಿ ಅಂಕಿಗಳು ಇಮ್ಮಡಿಯಾದರೆ ಗುಣಾಕಾರದ ಶ್ರಮ ನಾಲ್ಕುಪಟ್ಟಾಗುತ್ತದೆ. ಇದಕ್ಕಿಂತ ಬೇಗ ಗುಣಿಸಲು ಆಗದೆಂಬ ಗಣಿತಜ್ಞ ಕೊಲ್ಮೊಗೊರೊವ್ ಅವರ ಊಹೆಯನ್ನು 1960ರಲ್ಲಿ ಮಾಸ್ಕೋದ ಯುವಕ ಅನತೋಲಿ ಕರತ್ಸುಬ ಕೇಳಿದ ಕೆಲವೇ ದಿನಗಳಲ್ಲಿ ಸುಳ್ಳು ಮಾಡಿ ತೋರಿಸಿದರು: ನಾಲ್ಕು ಸಣ್ಣ ಗುಣಾಕಾರಗಳ ಬದಲು ಮೂರರಲ್ಲೇ ಕೆಲಸ ಮುಗಿಯುತ್ತದೆ. 1971ರ ಶೋನ್‌ಹಾಗೆ–ಸ್ಟ್ರಾಸನ್ ವಿಧಾನ ಅದನ್ನೂ ಮೀರಿಸಿತು. ಬ್ಯಾಂಕಿನ ವೆಬ್‌ಸೈಟನ್ನು ಕಾಯುವ ಆರ್‌ಎಸ್‌ಎ ಗೂಢಲಿಪಿಯಲ್ಲಿ 617 ಅಂಕಿಗಳ ಸಂಖ್ಯೆಗಳು ಸಾಮಾನ್ಯ. ಅಲ್ಲಿ ಒಂದು ಅಂಕಿ ತಪ್ಪಿದರೂ ಬೀಗ ತೆರೆಯುವುದಿಲ್ಲ. ಹಣದ ಲೆಕ್ಕಕ್ಕೆ ಬೇರೆ ದಾರಿ: ಪೈಸೆಗಳನ್ನು 64 ಬಿಟ್ ಪೂರ್ಣಾಂಕಗಳಲ್ಲಿ ಎಣಿಸುವುದು, ಇಲ್ಲವೇ ಕೋಬಾಲ್ ಭಾಷೆಯ ಕಾಲದಿಂದ ಬಂದ ದಶಮಾನ ಅಂಕಗಣಿತವನ್ನೇ ಬಳಸುವುದು. 2008ರಲ್ಲಿ ಪರಿಷ್ಕೃತವಾದ ಐಇಇಇ 754 ದಶಮಾನಕ್ಕೂ ಜಾಗ ಕೊಟ್ಟಿದೆ.

ಕೃತಕ ಬುದ್ಧಿಮತ್ತೆಯ ಚಿಪ್ಪುಗಳು ನಡೆದಿರುವುದು ಇದರ ವಿರುದ್ಧ ದಿಕ್ಕಿಗೆ. ಅಲ್ಲಿ ನಿಖರತೆಗಿಂತ ವೇಗ ಮುಖ್ಯವಾದ್ದರಿಂದ 16 ಬಿಟ್‌ನ ಸಂಖ್ಯೆಗಳು ರೂಢಿಗೆ ಬಂದಿವೆ. ‘ಬಿಫ್ಲೋಟ್ 16’ ಎಂಬ ಬಗೆಯಲ್ಲಿ ಅಂಕಿಗಳ ಪಾಲಿಗೆ ಇರುವುದು 8 ಬಿಟ್ ಮಾತ್ರ, ಆದ್ದರಿಂದ 256ಕ್ಕೆ ಒಂದು ಕೂಡಿದರೆ 256ರಲ್ಲೇ ನಿಲ್ಲುತ್ತದೆ. ಭಾಷಾ ಮಾದರಿಗಳು ದೊಡ್ಡ ಗುಣಾಕಾರದಲ್ಲಿ ಎಡವುವುದಕ್ಕೆ ಮಾತ್ರ ಇದನ್ನು ದೂರುವಂತಿಲ್ಲ. ಅವು ಸಂಖ್ಯೆಯನ್ನು ಎರಡು ಮೂರು ಅಂಕಿಗಳ ತುಣುಕುಗಳಾಗಿ ಓದಿ, ಮುಂದೆ ಯಾವ ತುಣುಕು ಬರಬಹುದೆಂದು ಅಂದಾಜಿಸುತ್ತವೆ. ಗುಣಾಕಾರದ ಸರ್ಕ್ಯೂಟಿಗೆ ಆ ಸಂಖ್ಯೆ ಹೋಗುವುದೇ ಇಲ್ಲ. ಹಾಗಾಗಿ ಅವುಗಳ ತಪ್ಪು ಉತ್ತರದಲ್ಲಿ ಮೊದಲ ಕೆಲವು ಅಂಕಿಗಳೂ ಕೊನೆಯ ಅಂಕಿಗಳೂ ಸರಿಯಿದ್ದು, ನಡುವಿನವು ಕೆಟ್ಟಿರುವುದು ಹೆಚ್ಚು. ಲೆಕ್ಕ ಬಂದಾಗ ಒಂದು ಸಣ್ಣ ಪೈಥಾನ್ ಪ್ರೋಗ್ರಾಮು ಬರೆದು ಓಡಿಸುವಂತೆ ಅವನ್ನು ಈಗ ರೂಪಿಸುತ್ತಿದ್ದಾರೆ.